ಹೊರಗಿಂದ ಬಂದವರ ಮೇಲೆ ಕೈ ಮಾಡಿದರೆ: ಠಾಣೆ, ಕೋರ್ಟು, ಪ್ರಾಧಿಕಾರ, ಆಯೋಗ, ಯಾವ ಬಾಗಿಲು ಯಾವಾಗ?

ಕಾರವಾರದ ಬೈತಖೋಲ ಧಕ್ಕೆಯಲ್ಲಿ ಬೆಳಗಿನ ಜಾವ ಮೀನಿನ ಬುಟ್ಟಿ ಇಳಿಸುತ್ತಿದ್ದ ಜಾರ್ಖಂಡದ ಹುಡುಗನಿಗೆ ಆರು ಜನ ಸೇರಿ ಬಡಿದರು ಎಂದುಕೊಳ್ಳಿ. ಬಡಿಯುವಾಗ ಆಡಿದ ಮಾತು: ‘ನಿಮ್ಮೂರಿಗೆ ಹೋಗ್ರೋ, ಇನ್ನೊಂದ್ಸಲ ನಿಮ್ಮ ಭಾಷೆ ಕೇಳಿಸಿದ್ರೆ ನಾಲಿಗೆ ಕೀಳ್ತೇವೆ.’ ಮಧ್ಯಾಹ್ನದ ಹೊತ್ತಿಗೆ ದೂರಿನ ಹಾಳೆಯಲ್ಲಿ ಉಳಿಯುವುದು ಒಂದೇ ಸಾಲು: ‘ಕೆಲಸದ ವಿಷಯವಾಗಿ ಗಲಾಟೆಯಾಗಿ ಕೆಲವರು ಕೈಯಿಂದ ಹೊಡೆದಿರುತ್ತಾರೆ.’ ಆರು ಹೋಗಿ ‘ಕೆಲವರು’ ಆಯಿತು. ನಾಲಿಗೆಯ ಮಾತು ಕಾಣೆಯಾಯಿತು. ಹೊರಗಿಂದ ಬಂದವರ ಪ್ರಕರಣಗಳು ಕೆಡುವುದು ಹೆಚ್ಚಾಗಿ ಇಲ್ಲೇ, ಕೋರ್ಟಿನ ಮೆಟ್ಟಿಲು ಹತ್ತುವ ಎಷ್ಟೋ ಮೊದಲು.

ಇದನ್ನು ಓದುವವರು ಕನ್ನಡ ಬಲ್ಲವರು. ಪೆಟ್ಟು ತಿಂದವನಿಗೆ ಕನ್ನಡ ಬಾರದೆ ಇರಬಹುದು. ಹಾಗಾಗಿ ಈ ಮಾತು ಅವನ ಪಕ್ಕದಲ್ಲಿ ನಿಲ್ಲುವ ಬೋಟಿನ ಮಾಲೀಕರಿಗೆ, ಮೇಸ್ತ್ರಿಗೆ, ಬಾಡಿಗೆ ಮನೆಯವರಿಗೆ, ಶಿರಸಿ ಕಡೆ ಅಡಿಕೆ ಕೊನೆ ಕೊಯ್ಲಿಗೆ ಜನ ಕರೆಸುವ ತೋಟದವರಿಗೂ ಸೇರಿದ್ದು.

ಎರಡು ಸಂಗತಿ ಬಿಟ್ಟುಹೋಗಬಾರದು: ಎಷ್ಟು ಜನ, ಏನು ಮಾತು

‘ದ್ವೇಷಾಪರಾಧ’ ಎಂಬ ಹೆಸರಿನ ಕಲಮು ಭಾರತೀಯ ನ್ಯಾಯ ಸಂಹಿತೆಯಲ್ಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಸಂಹಿತೆಯಲ್ಲಿ ಅದರ ತುಂಡುಗಳು ಅಲ್ಲಲ್ಲಿ ಹರಡಿವೆ. ಬರೀ ಕೈಯಿಂದ ಹೊಡೆದ ಸಾಮಾನ್ಯ ಗಾಯಕ್ಕೆ 115(2), ಗರಿಷ್ಠ 1 ವರ್ಷ ಅಥವಾ 10,000 ರೂಪಾಯಿ ದಂಡ. ಇದು ಅಸಂಜ್ಞೇಯ, ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಅವಮಾನದ 352 ಕೂಡ ಹಾಗೆಯೇ. ದೂರಿನಲ್ಲಿ ಇವೆರಡೇ ಕಂಡರೆ ಸಿಗುವುದು ಎನ್‌ಸಿ (ಅಸಂಜ್ಞೇಯ ದೂರಿನ) ನಂಬರು, ಕೈಗೊಂದು ಹಿಂಬರಹ, ‘ಕೋರ್ಟಿಗೆ ಹೋಗಿ’ ಎಂಬ ಮಾತು.

ಹೊಡೆದವರು ಐದು ಅಥವಾ ಹೆಚ್ಚು ಜನ ಇದ್ದರೆ ಲೆಕ್ಕವೇ ಬೇರೆ. ಅಕ್ರಮ ಕೂಟದ 189, ದೊಂಬಿಯ 191 ಬರುತ್ತವೆ, ಎರಡೂ ಸಂಜ್ಞೇಯ, ಅಂದರೆ ಪೊಲೀಸರು ತಾವೇ ತನಿಖೆ ನಡೆಸಬಹುದಾದವು. ಒಂದು ಸಂಜ್ಞೇಯ ಅಪರಾಧ ಸೇರಿದರೂ ಸಾಕು, ನಾಗರಿಕ ಸುರಕ್ಷಾ ಸಂಹಿತೆಯ (ತನಿಖೆ, ವಿಚಾರಣೆಯ ಕ್ರಮ ಹೇಳುವ ಕಾನೂನು) 174(4) ಪ್ರಕಾರ ಇಡೀ ಪ್ರಕರಣ ಸಂಜ್ಞೇಯವಾಗುತ್ತದೆ. ಅದೇ ಐದು ಜನರ ಗುಂಪು ಹುಟ್ಟಿದ ಊರು, ಭಾಷೆ, ಜನಾಂಗ, ಜಾತಿ, ನಂಬಿಕೆಯಂಥ ಕಾರಣಕ್ಕೆ ತೀವ್ರ ಗಾಯ ಮಾಡಿದ್ದರೆ 117(4), 7 ವರ್ಷದವರೆಗೆ. ಜೀವ ಹೋದರೆ 103(2), ಮರಣದಂಡನೆ ಇಲ್ಲವೇ ಜೀವಾವಧಿ. ಹೊಡೆದಿರಲಿ ಬಿಡಲಿ, ಧರ್ಮ, ಜನಾಂಗ, ಹುಟ್ಟಿದ ಸ್ಥಳ, ವಾಸಸ್ಥಳ, ಭಾಷೆಯ ಆಧಾರದಲ್ಲಿ ಗುಂಪುಗಳ ನಡುವೆ ಹಗೆ ಹಬ್ಬಿಸಿದರೆ 196. 3 ವರ್ಷ, ಪೂಜಾಸ್ಥಳದಲ್ಲಾದರೆ 5.

ಅದಕ್ಕೇ ತಲೆ ಎಣಿಸಿ. ಹೆಸರು ಗೊತ್ತಿಲ್ಲದಿದ್ದರೆ ‘ಹೆಸರು ತಿಳಿಯದ, ನೋಡಿದರೆ ಗುರುತಿಸಬಲ್ಲ ಆರು ಜನ’ ಎಂದೇ ಬರೆಸಿ. ಆಡಿದ ಮಾತನ್ನು ಆಡಿದ ಭಾಷೆಯಲ್ಲೇ, ಕೊಂಕಣಿಯಾದರೆ ಕೊಂಕಣಿಯಲ್ಲೇ, ಕನ್ನಡ ಅಕ್ಷರದಲ್ಲಿ ಉದ್ಧರಣ ಚಿಹ್ನೆಯೊಳಗೆ ಹಾಕಿಸಿ. ‘ಅವಾಚ್ಯ ಶಬ್ದಗಳಿಂದ ಬೈದು’ ಎಂಬ ಸಿದ್ಧ ಸಾಲು ದ್ವೇಷದ ಕಾರಣವನ್ನು ನುಂಗಿಬಿಡುತ್ತದೆ. ಬರೆಯುವವರಿಗೆ ಅದು ಮರ್ಯಾದೆಯ ಮಾತು, ಓದುವ ನ್ಯಾಯಾಧೀಶರಿಗೆ ಖಾಲಿ ಜಾಗ.

ಠಾಣೆಗಿಂತ ಮೊದಲು ಆಸ್ಪತ್ರೆ

ಕಾರವಾರದಲ್ಲಿ ಕ್ರಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ), ಶಿರಸಿಯಲ್ಲಿ ಪಂಡಿತ ಆಸ್ಪತ್ರೆ, ಉಳಿದಂತೆ ತಾಲ್ಲೂಕು ಆಸ್ಪತ್ರೆ. ಖಾಸಗಿ ಕ್ಲಿನಿಕ್ಕಿನಲ್ಲಿ ಬ್ಯಾಂಡೇಜು ಕಟ್ಟಿಸಿಕೊಂಡು ಮೂರು ದಿನ ಬಿಟ್ಟು ಸರ್ಕಾರಿ ಆಸ್ಪತ್ರೆಗೆ ಹೋದರೆ ಗಾಯದ ವಯಸ್ಸಿನ ಬಗ್ಗೆ ವಾದ ಹುಟ್ಟುತ್ತದೆ. ಚೀಟಿ ಮಾಡಿಸುವಾಗಲೇ ‘ಹಲ್ಲೆಯಾಗಿದೆ, ಎಂಎಲ್‌ಸಿ ಮಾಡಿ’ ಎಂದು ಹೇಳಿ. ಎಂಎಲ್‌ಸಿ ಎಂದರೆ ಪೊಲೀಸ್ ಪ್ರಕರಣಕ್ಕೆ ಆಸ್ಪತ್ರೆ ಮಾಡುವ ವೈದ್ಯಕೀಯ ದಾಖಲೆ. ‘ಬಿದ್ದೆ’ ಎಂದು ಹೆದರಿ ಹೇಳಿದ ಒಂದು ಶಬ್ದ ಆಸ್ಪತ್ರೆಯ ದಾಖಲೆಯಲ್ಲಿ ಕೂತರೆ ಮುಂದೆ ಅದನ್ನು ಎಬ್ಬಿಸುವುದು ಕಷ್ಟ. ಎಫ್‌ಐಆರ್ ಇಲ್ಲವೆಂದು ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ. ಚಿಕಿತ್ಸೆ ಮೊದಲು, ಕಾಗದ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಗಾಯದ ಪ್ರಮಾಣಪತ್ರದಲ್ಲಿ ‘ಸಾಧಾರಣ’ ಅಥವಾ ‘ತೀವ್ರ’ ಎಂಬ ಒಂದು ಪದದ ಮೇಲೆ ಕಲಮು ನಿಲ್ಲುತ್ತದೆ. ಮೂಳೆ ಅಥವಾ ಹಲ್ಲು ಮುರಿದರೆ ತೀವ್ರ. ಕಣ್ಣಿಗೆ ಕಾಣದ ಇನ್ನೊಂದು ದಾರಿಯೂ ಇದೆ: 15 ದಿನ ತೀವ್ರ ನೋವು, ಅಥವಾ 15 ದಿನ ದಿನನಿತ್ಯದ ಕೆಲಸ ಮಾಡಲಾಗದ ಸ್ಥಿತಿ. ಹಳೆಯ ದಂಡ ಸಂಹಿತೆಯಲ್ಲಿ ಇದು 20 ದಿನ ಇತ್ತು. ಬಲೆ ಎಳೆಯುವವನು ಭುಜ ಊದಿ ಹದಿನೈದು ದಿನ ಕೂತನೆಂದರೆ ಮರುತಪಾಸಣೆಯ ಚೀಟಿಗಳನ್ನು ತಾರೀಖು ಸಮೇತ ಇಟ್ಟುಕೊಳ್ಳಬೇಕು. ಮೊದಲ ದಿನದ ಚೀಟಿಯೊಂದೇ ಇದ್ದರೆ ಇದು ಸಾಬೀತಾಗುವುದಿಲ್ಲ.

ಠಾಣೆ: ಬೇಗ ಆಗುವ ದಾರಿ, ಬೇಗ ಕೆಡುವ ದಾರಿ

ಹೊಡೆತ ಇನ್ನೂ ನಡೆಯುತ್ತಿದ್ದರೆ 112. ಕರೆಯ ಸಮಯ ದಾಖಲಾಗುತ್ತದೆ, ಆಮೇಲೆ ಅದೇ ಸಾಕ್ಷಿ. ಮುಗಿದ ಮೇಲಾದರೆ ನೇರ ಠಾಣೆ. ಯಾವ ಠಾಣೆ ಎಂಬ ಗೊಂದಲ ಕರಾವಳಿಯಲ್ಲಿ ಜಾಸ್ತಿ: ಸಮುದ್ರದಲ್ಲಿ ಬೋಟಿನ ಮೇಲೆ ಆದದ್ದು ಕರಾವಳಿ ಕಾವಲು ಪೊಲೀಸರದ್ದೋ ಊರಿನ ಠಾಣೆಯದ್ದೋ, ರೈಲಿನಲ್ಲಿ ಆದದ್ದು ಯಾರದ್ದು, ಮಾಜಾಳಿ ಗಡಿ ದಾಟಿ ಗೋವೆಯಲ್ಲಿ ಆಗಿದ್ದರೆ ಏನು. ಈ ತಲೆಬಿಸಿ ದೂರು ಕೊಡುವವನದ್ದಲ್ಲ. ನಾಗರಿಕ ಸುರಕ್ಷಾ ಸಂಹಿತೆಯ 173(1) ಪ್ರಕಾರ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಸಂಜ್ಞೇಯ ಅಪರಾಧದ ದೂರು ಕೊಡಬಹುದು. ಅವರು ಝೀರೋ ಎಫ್‌ಐಆರ್ ಮಾಡಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಬಾಯಿಮಾತಿನ ದೂರನ್ನೂ ಬರೆದುಕೊಂಡು ಓದಿ ಹೇಳಬೇಕು. ಆನ್‌ಲೈನಿನಲ್ಲಿ ಕಳಿಸಿದರೆ 3 ದಿನದೊಳಗೆ ಹೋಗಿ ಸಹಿ ಹಾಕದಿದ್ದರೆ ಅದು ದಾಖಲಾಗುವುದಿಲ್ಲ. ಎಫ್‌ಐಆರ್ ಪ್ರತಿ ಉಚಿತ, ಅಲ್ಲೇ, ಆಗಲೇ.

ಒಡಿಯಾ, ಬಂಗಾಳಿ, ಸಂತಾಲಿ ಮಾತ್ರ ಬರುವವನ ಜೊತೆ ಹೋಗುವವರು ಒಂದು ಕೆಲಸ ಮಾಡಿ: ಅವನ ಭಾಷೆಯಲ್ಲೇ ಅವನ ಕೈಯಲ್ಲಿ ಒಂದು ಹಾಳೆ ಬರೆಸಿ, ಬರೆಯಲು ಬಾರದಿದ್ದರೆ ಅವನ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಕನ್ನಡದ ದೂರಿನ ಕೊನೆಗೆ ‘ಇಂಥವರು ಹಿಂದಿಯಲ್ಲಿ ಓದಿ ಹೇಳಿದ್ದನ್ನು ಕೇಳಿ ಸರಿಯೆಂದು ಸಹಿ ಮಾಡಿದ್ದೇನೆ’ ಎಂಬ ಸಾಲು, ಓದಿ ಹೇಳಿದವರ ಹೆಸರು, ಸಹಿ. ಇದಿಲ್ಲದಿದ್ದರೆ ಪಾಟೀ ಸವಾಲಿನ ಮೊದಲ ಪ್ರಶ್ನೆಯೇ ‘ದೂರಿನಲ್ಲಿ ಏನು ಬರೆದಿದೆ ನಿಮಗೆ ಗೊತ್ತೇ?’

ಎಫ್‌ಐಆರ್ ಮಾಡಲು ಅಡ್ಡ ಬರುವ ಮಾತುಗಳಲ್ಲಿ ಒಂದಕ್ಕೆ ಕಾನೂನಿನ ಬೆಂಬಲವಿದೆ. 3 ವರ್ಷದಿಂದ 7ಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧದಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ನಡೆಸಬಹುದು. 196 ಇದರೊಳಗೆ ಬೀಳುತ್ತದೆ, 7 ವರ್ಷದ 117(4) ಬೀಳುವುದಿಲ್ಲ. ಉಳಿದಂತೆ ಸಂಜ್ಞೇಯ ಅಪರಾಧ ಕಂಡರೆ ಎಫ್‌ಐಆರ್ ಕಡ್ಡಾಯ, ಸುಪ್ರೀಂ ಕೋರ್ಟಿನ 2013ರ ಲಲಿತಾ ಕುಮಾರಿ ತೀರ್ಪು. ‘ಆಧಾರ್ ಇಲ್ಲ’, ‘ಈ ಊರಿನ ವಿಳಾಸ ಇಲ್ಲ’, ‘ಮಾಲೀಕರನ್ನು ಕರೆದುಕೊಂಡು ಬಾ’ ಎಂಬುದಕ್ಕೆಲ್ಲ ಕಾನೂನಿನಲ್ಲಿ ಜಾಗವಿಲ್ಲ.

ರಾಜಿ ಪಂಚಾಯಿತಿಕೆಯ ಬಗ್ಗೆ ಒಂದು ಮಾತು. ‘ನಾಳೆಯೂ ಇಲ್ಲೇ ದುಡಿಯಬೇಕಲ್ಲ’ ಎಂಬ ಬುದ್ಧಿಮಾತು ಸುಳ್ಳಲ್ಲ, ಸಣ್ಣ ಕೈ ಕೈ ಮಿಲಾಯಿಸಿದ್ದಕ್ಕೆ ಅದು ಸರಿಯೂ ಇರಬಹುದು. ಆದರೆ 196 ರಾಜಿಯಾಗುವ ಕಲಮಲ್ಲ. ಠಾಣೆಯಲ್ಲಿ ಬರೆಸಿಕೊಂಡ ‘ನಮ್ಮೊಳಗೆ ಬಗೆಹರಿದಿದೆ’ ಎಂಬ ಚೀಟಿ ಹೊಡೆದವರ ಕೈ ಕಟ್ಟುವುದಿಲ್ಲ, ಹೊಡೆಸಿಕೊಂಡವನ ಬಾಯಿ ಮಾತ್ರ ಕಟ್ಟುತ್ತದೆ. ಎದುರಿನವರು ಕೌಂಟರ್ ಕೇಸ್ ಹಾಕುವುದು ಮಾಮೂಲು. ಎಂಎಲ್‌ಸಿಯ ಸಮಯ ಅವರಿಗಿಂತ ಮೊದಲಿದ್ದರೆ ಅರ್ಧ ಭಯ ಕಡಿಮೆ.

ವಿಡಿಯೋ ಇದ್ದರೆ ತೆಗೆದ ಮೊಬೈಲಿನಲ್ಲೇ ಮೂಲ ಫೈಲು ಇರಲಿ. ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದದ್ದು ಸಾಕ್ಷ್ಯವಾಗಿ ಸೊರಗುತ್ತದೆ. ಸಾಕ್ಷ್ಯ ಅಧಿನಿಯಮದ 63(4) ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಾದವರು ಆ ಮೊಬೈಲಿನ ಒಡೆಯರು, ಜೊತೆಗೆ ಒಬ್ಬ ತಜ್ಞರು.

ಠಾಣೆ ಒಲ್ಲೆ ಅಂದರೆ: ಎಸ್‌ಪಿ, ಆಮೇಲೆ ಮ್ಯಾಜಿಸ್ಟ್ರೇಟ್

ಮೆಟ್ಟಿಲು ತಪ್ಪಿಸಿದರೆ ಅರ್ಜಿ ಬಿದ್ದುಹೋಗುತ್ತದೆ. ಮೊದಲು ದೂರಿನ ಸಾರಾಂಶ ಬರೆದು ಕಾರವಾರದ ಎಸ್‌ಪಿ ಕಚೇರಿಗೆ ಸ್ಪೀಡ್ ಪೋಸ್ಟ್, 173(4). ರಸೀದಿ ಜೋಪಾನ. ಅಲ್ಲೂ ಆಗದಿದ್ದರೆ ಆ ರಸೀದಿ, ಪತ್ರದ ಪ್ರತಿ ಮತ್ತು ಅಫಿಡವಿಟ್ ಸೇರಿಸಿ ಆ ಊರಿನ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿಗೆ 175(3) ಅರ್ಜಿ: ತನಿಖೆ ಮಾಡಿ ಎಂದು ಪೊಲೀಸರಿಗೆ ಆದೇಶ ಕೇಳುವುದು.

ಇನ್ನೊಂದು ದಾರಿ ಖಾಸಗಿ ಫಿರ್ಯಾದು. ನಾಗರಿಕ ಸುರಕ್ಷಾ ಸಂಹಿತೆಯ 223ರಲ್ಲಿ ಆರೋಪಿಗೆ ಮೊದಲೇ ಮಾತಾಡುವ ಅವಕಾಶ ಕೊಡದೆ ಕೋರ್ಟು ಪ್ರಕರಣ ಕೈಗೆತ್ತಿಕೊಳ್ಳುವಂತಿಲ್ಲ. ಸಾಕ್ಷಿ ತರುವುದು, ಪ್ರತಿ ತಾರೀಖಿಗೆ ನಿಲ್ಲುವುದು ಫಿರ್ಯಾದಿಯ ಹೆಗಲಿಗೆ. ಮೇಲೆ, 196ಕ್ಕೆ ಅದೇ ಸಂಹಿತೆಯ 217ರ ಪ್ರಕಾರ ಕೇಂದ್ರ ಅಥವಾ ರಾಜ್ಯ ಸರ್ಕಾರದ ಪೂರ್ವಾನುಮತಿ ಬೇಕು. ಇದನ್ನು ಪೊಲೀಸರು ತರಿಸಿಕೊಳ್ಳಬಲ್ಲರು. ಕೂಲಿ ಬಿಟ್ಟು ಅಲೆಯುವವನಿಂದ ಆಗದು. ಊರು ಬದಲಿಸುತ್ತ ದುಡಿಯುವವನಿಗೆ 175(3) ದಾರಿಯೇ ಲೇಸು. 115(2) ಮಾತ್ರ ಉಳಿದಿದ್ದರೆ ಕೋರ್ಟಿಗೆ 1 ವರ್ಷದ ಕಾಲಮಿತಿ, ಅದನ್ನು ಮರೆಯಬೇಡಿ.

ಜಾತಿ ನಿಂದನೆ ಕಾಯ್ದೆ: ಬಲ ಜಾಸ್ತಿ, ಬಾಗಿಲು ಕಿರಿದು

ಪರಿಶಿಷ್ಟ ಜಾತಿ, ಪಂಗಡದವರಿಗಾಗಿ ಇರುವ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ತನಿಖೆ ಡಿವೈಎಸ್‌ಪಿ ದರ್ಜೆಯವರದ್ದು, ನಿರೀಕ್ಷಣಾ ಜಾಮೀನು ಕಷ್ಟ, ಪರಿಹಾರದ ಮೊದಲ ಕಂತು ಎಫ್‌ಐಆರ್ ಹಂತದಲ್ಲೇ. ಸಹಾಯವಾಣಿ 14566. ಆದ್ದರಿಂದ ಎಲ್ಲರೂ ಮೊದಲು ಇದನ್ನೇ ಹೇಳುತ್ತಾರೆ, ಎಡವುವುದೂ ಇಲ್ಲೇ.

‘ಬಿಹಾರಿ’, ‘ಬಂಗಾಳಿ’ ಎಂದು ಹೀಯಾಳಿಸಿದ್ದು ಜಾತಿ ನಿಂದನೆಯಲ್ಲ. ಜಾತಿ ಗೊತ್ತಿದ್ದು, ಆ ಕಾರಣಕ್ಕೆ, ಸಾರ್ವಜನಿಕರ ಕಣ್ಣೆದುರು ಆಗಿರಬೇಕು. ನಾಲ್ಕು ಗೋಡೆಯೊಳಗೆ ಹೊರಗಿನವರಾರೂ ಇಲ್ಲದಾಗ ಆದದ್ದು ಇದರಡಿ ನಿಲ್ಲದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಹೊಡೆದವರೂ ಪರಿಶಿಷ್ಟರಾಗಿದ್ದರೆ ಕಾಯ್ದೆ ಅನ್ವಯಿಸದು.

ಒಡಿಶಾದಲ್ಲಿ ಪರಿಶಿಷ್ಟ ಪಂಗಡದವನು, ಕರ್ನಾಟಕದ ಪಟ್ಟಿಯಲ್ಲಿ ಅವನ ಪಂಗಡವಿಲ್ಲ, ಆಗ? ಮೀಸಲಾತಿ ರಾಜ್ಯದ ಗಡಿ ದಾಟುವುದಿಲ್ಲ, ಅದು ಹಳೆಯ ತೀರ್ಪು. ಆದರೆ ದೌರ್ಜನ್ಯದ ವಿರುದ್ಧ ರಕ್ಷಣೆ ವ್ಯಕ್ತಿಯ ಜೊತೆಗೇ ಬರುತ್ತದೆ ಎಂದು ಬಾಂಬೆ ಹೈಕೋರ್ಟಿನ ಪೂರ್ಣಪೀಠ 2023ರಲ್ಲಿ ಹೇಳಿತು. ಕರ್ನಾಟಕದ ಕೋರ್ಟಿಗೆ ಅದು ಕಟ್ಟುಪಾಡಲ್ಲ, ವಾದಕ್ಕೆ ಗಟ್ಟಿ ಆಧಾರ. ಇಂಥಲ್ಲಿ ದೂರಿನಲ್ಲಿ ಎರಡೂ ಕಾನೂನಿನ ಸಂಗತಿ ಬರೆಸಿ. ಒಂದು ಬಿದ್ದರೂ ಇನ್ನೊಂದು ನಿಲ್ಲುತ್ತದೆ. ಈಶಾನ್ಯದಿಂದ ಬಂದು ಹೋಟೆಲುಗಳಲ್ಲಿ ದುಡಿಯುವವರ ಮುಖಚಹರೆಯನ್ನು ಆಡಿಕೊಳ್ಳುವುದಕ್ಕೆ ಬೇರೆ ಕಲಮು ಬೇಕೆಂದು ಬೆಜ್‌ಬರುವಾ ಸಮಿತಿ 2014ರಲ್ಲಿ ಶಿಫಾರಸು ಮಾಡಿತ್ತು. ನ್ಯಾಯ ಸಂಹಿತೆಯಲ್ಲೂ ಅದು ಬರಲಿಲ್ಲ. ಸದ್ಯ 196ರ ‘ಜನಾಂಗ’ ಪದವೇ ಗತಿ.

ಉಚಿತ ವಕೀಲರು

ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಶಿರಸಿಯಂಥ ಕಡೆ ತಾಲ್ಲೂಕು ಸಮಿತಿ, ಎರಡೂ ಕೋರ್ಟಿನ ಆವರಣದಲ್ಲೇ. ದೂರವಾಣಿ 15100. ಆದಾಯದ ಮಿತಿಯೊಂದನ್ನೇ ನೋಡಿ ಹಿಂದೆ ಸರಿಯುವವರು ಬಹಳ. 1987ರ ಕಾಯ್ದೆಯ 12ನೇ ಕಲಮಿನಲ್ಲಿ ಹೆಂಗಸರು, ಮಕ್ಕಳು, ಪರಿಶಿಷ್ಟರು, ಕೈಗಾರಿಕಾ ಕಾರ್ಮಿಕರು, ಕಸ್ಟಡಿಯಲ್ಲಿರುವವರು, ಜನಾಂಗೀಯ ಹಿಂಸೆಗೆ ತುತ್ತಾದವರು ಆದಾಯ ಎಷ್ಟಿದ್ದರೂ ಅರ್ಹರು. ಅಲ್ಲಿ ಭಾರತೀಯನಾಗಿರಬೇಕೆಂಬ ಶರತ್ತೂ ಇಲ್ಲ.

ಹೊಡೆದವರು ಸಿಗಲೇ ಇಲ್ಲ, ಕೇಸೂ ನಡೆಯಲಿಲ್ಲ ಎಂದಾದರೂ ಸಂತ್ರಸ್ತ ಪರಿಹಾರಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 396(4)ರಡಿ ಇಲ್ಲೇ ಅರ್ಜಿ. ಆಸ್ಪತ್ರೆ ಖರ್ಚಿಗೆ ತುರ್ತು ನೆರವು ಬೇಕಿದ್ದರೆ ಠಾಣಾಧಿಕಾರಿಯ ಪ್ರಮಾಣಪತ್ರ ತೆಗೆದುಕೊಂಡು ಹೋಗಿ. ಜಗಳದ ಬುಡದಲ್ಲಿ ಬಾಕಿ ಸಂಬಳವಿದ್ದರೆ ಅದನ್ನು ಕಾರ್ಮಿಕ ಅಧಿಕಾರಿಯ ಬಳಿ ಬೇರೆ ಅರ್ಜಿಯಾಗಿ ಕೊಡಿ. ಒಂದೇ ಹಾಳೆಯಲ್ಲಿ ಬೆರೆಸಿದರೆ ಪೊಲೀಸರು ಇಡೀ ವಿಷಯವನ್ನು ‘ಸಂಬಳದ ತಕರಾರು’ ಎಂದು ಪಕ್ಕಕ್ಕಿಡುತ್ತಾರೆ.

ಮಾನವ ಹಕ್ಕು ಆಯೋಗ

ಪೊಲೀಸರೋ ಬೇರೆ ಸರ್ಕಾರಿ ನೌಕರರೋ ತಪ್ಪಿದಾಗ ಮಾತ್ರ. ಪಕ್ಕದ ಮನೆಯವರು ಹೊಡೆದರೆಂದು ಅಲ್ಲಿಗೆ ಬರೆದು ಪ್ರಯೋಜನವಿಲ್ಲ. ಪೊಲೀಸರು ದೂರು ತೆಗೆದುಕೊಳ್ಳಲಿಲ್ಲ ಎಂದು ಬರೆದರೆ ಪ್ರಯೋಜನ. 1 ವರ್ಷದೊಳಗೆ, ಶುಲ್ಕವಿಲ್ಲ. ರಾಷ್ಟ್ರೀಯ ಆಯೋಗಕ್ಕೆ 14433, ಕನ್ನಡ, ಒಡಿಯಾ, ಬಂಗಾಳಿಯಲ್ಲೂ ಬರೆಯಬಹುದು. ಬೆಂಗಳೂರಿನ ರಾಜ್ಯ ಆಯೋಗಕ್ಕೂ ದೆಹಲಿಗೂ ಒಟ್ಟಿಗೆ ಕಳಿಸಬೇಡಿ: ರಾಜ್ಯದಲ್ಲಿ ಬಾಕಿ ಇರುವುದನ್ನು ರಾಷ್ಟ್ರೀಯ ಆಯೋಗ ಮುಟ್ಟುವುದಿಲ್ಲ. ಕೊನೆಗೆ ಸಿಗುವುದು ಶಿಫಾರಸು, ಆದೇಶವಲ್ಲ. ಆದೇಶವೇ ಬೇಕಿದ್ದರೆ ಹೈಕೋರ್ಟಿನ ಧಾರವಾಡ ಪೀಠ.

ಯಾರ ಕೈಯಲ್ಲಿ ಯಾವ ಕಾಗದ

ಸಮಾನತೆಯ 14ನೇ ವಿಧಿ, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿ ಎಲ್ಲ ಮನುಷ್ಯರಿಗೆ. ದೇಶದಲ್ಲಿ ಎಲ್ಲಾದರೂ ನೆಲೆಸುವ 19ನೇ ವಿಧಿ ನಾಗರಿಕರಿಗೆ ಮಾತ್ರ. ಅಂದರೆ ಬಿಹಾರದವರಾಗಲಿ ಕೊಪ್ಪಳದವರಾಗಲಿ ಕಾರವಾರದಲ್ಲಿರಲು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ.

ಬಂಗಾಳಿ ಮಾತಾಡುವವರನ್ನು ‘ಬಾಂಗ್ಲಾದೇಶದವರಾ?’ ಎಂದು ಕೇಳಿದಾಗ ಆಧಾರ್ ತೋರಿಸಿ ಸುಮ್ಮನಾಗುವುದು ಸಾಲದು, ಆಧಾರ್ ಪೌರತ್ವದ ಪುರಾವೆಯಲ್ಲ. ವಿದೇಶಿಯರ ಕಾನೂನಿನಲ್ಲಿ ತಾನು ವಿದೇಶಿಯಲ್ಲವೆಂದು ತೋರಿಸುವ ಹೊರೆ ಆ ವ್ಯಕ್ತಿಯದ್ದೇ. ಮತದಾರರ ಚೀಟಿ, ತಂದೆತಾಯಿಯ ಹೆಸರಿರುವ ಹಳೆ ಮತದಾರರ ಪಟ್ಟಿ, ಶಾಲೆಯ ಟಿಸಿ, ಜಮೀನಿನ ಪತ್ರದ ಫೋಟೋ ಊರಿನಿಂದ ತರಿಸಿ ಮೊಬೈಲಿನಲ್ಲೂ ಇನ್ನೊಬ್ಬರ ಬಳಿಯೂ ಇರಲಿ. ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ. ಕಾರಣವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಬರಹದಲ್ಲಿ ಕೊಡಬೇಕು ಎಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನೇಪಾಳದವರಿಗೆ ವೀಸಾ ಬೇಡ. 1950ರ ಒಪ್ಪಂದ ವಾಸ, ಉದ್ಯೋಗಕ್ಕೆ ಅವಕಾಶ ಕೊಟ್ಟಿದೆ, ಮತದಾನಕ್ಕಲ್ಲ. ನೇಪಾಳಿ ನಾಗರಿಕತ್ವದ ಪತ್ರ ಅಥವಾ ಪಾಸ್‌ಪೋರ್ಟ್ ಜೊತೆಗಿರಬೇಕು.

ಮುಂಡಗೋಡಿನ ಟಿಬೆಟನ್ನರಲ್ಲಿ 1950ರ ಜನವರಿ 26ರಿಂದ 1987ರ ಜೂನ್ 30ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು. ದೆಹಲಿ ಹೈಕೋರ್ಟ್ 2010ರಲ್ಲಿ, ಕರ್ನಾಟಕ ಹೈಕೋರ್ಟ್ 2013ರಲ್ಲಿ ಇದನ್ನು ಎತ್ತಿಹಿಡಿದಿವೆ. ಇವರು ಪೌರತ್ವಕ್ಕೆ ‘ಅರ್ಜಿ’ ಹಾಕಬೇಕಾದವರಲ್ಲ, ಜನನ ಪ್ರಮಾಣಪತ್ರ ಹಿಡಿದು ಪಾಸ್‌ಪೋರ್ಟೋ ಮತದಾರರ ಚೀಟಿಯೋ ಕೇಳಬೇಕಾದವರು. ಇಷ್ಟು ವರ್ಷ ಆರ್‌ಸಿ (ವಿದೇಶಿಯರ ನೋಂದಣಿ ಪತ್ರ) ಇಟ್ಟುಕೊಂಡಿದ್ದರಿಂದ ಹಕ್ಕು ಹೋಗುವುದಿಲ್ಲ. ಪಾಸ್‌ಪೋರ್ಟ್ ತೆಗೆದುಕೊಳ್ಳುವಾಗ ಮಾತ್ರ ಆರ್‌ಸಿ ಒಪ್ಪಿಸಬೇಕು. 1987ರ ಜುಲೈ 1ರಿಂದ ಈಚೆಗೆ ಹುಟ್ಟಿದವರಿಗೆ ತಂದೆತಾಯಿಯಲ್ಲಿ ಒಬ್ಬರಾದರೂ ನಾಗರಿಕರಾಗಿರಬೇಕು. 2004ರ ಡಿಸೆಂಬರ್ 3ರಿಂದ ಈಚೆಗೆ, ಇನ್ನೊಬ್ಬರು ಅಕ್ರಮ ವಲಸಿಗರಾಗಿರಲೂಬಾರದು. ಒಂದೇ ಮನೆಯಲ್ಲಿ ಅಕ್ಕ ನಾಗರಿಕಳು, ತಮ್ಮ ಆರ್‌ಸಿ ಹಿಡಿದವನು ಎಂಬ ವಿಚಿತ್ರ ಹುಟ್ಟುವುದು ಹೀಗೆ.

ಮದುವೆಯಾಗಿ ಬಂದ ವಿದೇಶಿ ಸೊಸೆ, ಅಳಿಯಂದಿರಿಗೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡು) ಬೇಗ, ಮದುವೆ ನೋಂದಣಿಯಾಗಿ 2 ವರ್ಷ ದಾಟಿದರೆ ಸಾಕು. ಮತ ಇಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಅಡಿಕೆ ತೋಟದ ಮನೆಗೆ ಇದು ಸಣ್ಣ ಮಾತಲ್ಲ. ಪಾಕಿಸ್ತಾನ, ಬಾಂಗ್ಲಾದೇಶದ ಮೂಲದವರಿಗೆ ಒಸಿಐ ದಾರಿಯೇ ಇಲ್ಲ. ಪೌರತ್ವ ಕಾಯ್ದೆಯ 5(1)(ಸಿ) ಅಡಿಯ ಪೌರತ್ವಕ್ಕೆ 7 ವರ್ಷದ ವಾಸ, ಅದರಲ್ಲಿ ಕೊನೆಯ 12 ತಿಂಗಳು ಸತತ. ತವರಿಗೆ ಹೋಗಿಬಂದ ದಿನಗಳು ಇಲ್ಲಿ ಲೆಕ್ಕ ಕೆಡಿಸುತ್ತವೆ. ಹಳೆಯ ದೇಶದ ಪೌರತ್ವವನ್ನೂ ಬಿಡಬೇಕು.

ವೀಸಾ ಮುಗಿದ ವಿದೇಶಿಯ ಮೇಲೆ ಹಲ್ಲೆಯಾದರೆ ಅವನಿಗೂ ದೂರು ಕೊಡುವ ಹಕ್ಕಿದೆ, ಆದರೆ ಠಾಣೆಯಲ್ಲಿ ಅವನದೇ ಕೇಸು ಎದ್ದೇಳಬಹುದು. 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲಿ ಅವಧಿ ಮೀರಿ ಉಳಿದರೆ 3 ವರ್ಷದವರೆಗೆ ಸಜೆ, 3 ಲಕ್ಷದವರೆಗೆ ದಂಡ. ಈ ಒಬ್ಬರಿಗೆ ಮಾತ್ರ ಕ್ರಮ ಬೇರೆ: ಆಸ್ಪತ್ರೆ, ಆಮೇಲೆ ಕಾನೂನು ಸೇವೆಗಳ ಪ್ರಾಧಿಕಾರ, ವಕೀಲರ ಜೊತೆ ಠಾಣೆ.

ಜೂನ್ 1ಕ್ಕೆ ಮೊದಲು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ನಿಷೇಧ, 61 ದಿನ. ಮೇ ತಿಂಗಳಲ್ಲಿ ಪೆಟ್ಟು ತಿಂದವನು, ನೋಡಿದ ಸಾಕ್ಷಿಗಳು ಎಲ್ಲರೂ ರೈಲು ಹತ್ತುತ್ತಾರೆ. ಅಲ್ಲಿ ಸಿಮ್ ಬೇರೆ. ‘ಫಿರ್ಯಾದಿ ಪತ್ತೆಯಿಲ್ಲ’ ಎಂದು ಬರೆಯಲು ಇದಕ್ಕಿಂತ ಸುಲಭದ ಕಾಲವಿಲ್ಲ. ಹೊರಡುವ ಮುನ್ನ ಸ್ಥಳ ಪಂಚನಾಮೆ ಮುಗಿಸಿ ಎಂದು ತನಿಖಾಧಿಕಾರಿಗೆ ಬರಹದಲ್ಲಿ ಕೇಳಿ. ಮುಖ್ಯ ಸಾಕ್ಷಿಯ ಹೇಳಿಕೆಯನ್ನು ನಾಗರಿಕ ಸುರಕ್ಷಾ ಸಂಹಿತೆಯ 183ರಡಿ ಮ್ಯಾಜಿಸ್ಟ್ರೇಟರ ಮುಂದೆ ಕೊಡಿಸಿ. ಊರಿನ ವಿಳಾಸ, ಅಲ್ಲಿನ ಮೊಬೈಲ್ ನಂಬರು, ಇಲ್ಲಿ ಸದಾ ಸಿಗುವ ಒಬ್ಬರ ನಂಬರು ಕೊಟ್ಟು ಸ್ವೀಕೃತಿ ಪಡೆಯಿರಿ. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ಫಿರ್ಯಾದಿಗೆ ತಿಳಿಸುವುದು ಅದೇ ಸಂಹಿತೆಯ 193(3)ರ ಪ್ರಕಾರ ಪೊಲೀಸರ ಕರ್ತವ್ಯ. ಮೇ 10ರ ಎಫ್‌ಐಆರ್ ಆದರೆ ಆಗಸ್ಟ್ 8. ಬೋಟು ಮತ್ತೆ ಇಳಿದಿರುತ್ತದೆ, ಅಂದೇ ಠಾಣೆಗೆ ಹೋಗಿ ಕೇಳಬಹುದು. ಬರಲಾಗದವರ ಸಾಕ್ಷ್ಯವನ್ನು ವಿಡಿಯೋ ಮೂಲಕ ತೆಗೆದುಕೊಳ್ಳಿ ಎಂದು ಅದರ 530ನೇ ಕಲಮು ತೋರಿಸಿ ಕೋರ್ಟನ್ನು ಕೇಳಲು ವಕೀಲರಿಗೆ ಮೊದಲೇ ಹೇಳಿಟ್ಟಿರಿ.